ಮೂರನೆಯ ಮತ

ಕಣ್ಣು ತೆರೆದಾಗ ವಕೀಲೆಯ ಮುಂದಿನ ಮೇಜಿನ ಮೇಲೆ ಹಳದಿ ದೀಪ ಉರಿಯುತ್ತಿತ್ತು. ಮುಚ್ಚಿದಾಗ ಹಸಿರಿತ್ತು. ಹಸಿರು ಎಂದರೆ ಮಾತಾಡಿ, ಹಳದಿ ಎಂದರೆ ಮುಗಿಸಿ, ಕೆಂಪು ಎಂದರೆ ಸಾಕು ಕೂತುಕೊಳ್ಳಿ. ಹಸಿರಿನ ಪಾಲು ದೊಡ್ಡದು, ಹಳದಿಯದು ಚಿಟಿಕೆಯಷ್ಟು. ಹಾಗಾದರೆ ವಾದವೆಲ್ಲ ಮುಗಿದೇ ಹೋಗಿತ್ತು. ಆರ್ಲೆನ್ ಟಿಸ್‌ಡೇಲ್ ಬೆಚ್ಚಿ ನೆಟ್ಟಗೆ ಕೂತ. ಬೆಚ್ಚಿದ್ದು ಯಾರಿಗೂ ಕಾಣಬಾರದೆಂದು ಪೆನ್ನು ಎತ್ತಿಕೊಂಡು ಹಾಳೆಯ ಮೇಲೆ ಗಂಭೀರವಾಗಿ ಒಂದು ಗೆರೆ ಎಳೆದ, ಅದರ ಕೆಳಗೆ ಇನ್ನೊಂದು ಎಳೆದ, ಬಹಳ ಯೋಚಿಸಿದವನ ಹಾಗೆ ತಲೆಯಾಡಿಸಿದ. ಪೀಠದ ಮೇಲೆ ಮೂವರು ಜಡ್ಜುಗಳು. ನಡುವೆ ಅವನು, ಹಿರಿಯ. ಎಡಕ್ಕೆ ಹೋಬಾರ್ಟ್ ಕ್ರೆನ್‌ಶಾ, ಹಳೆಯ ಗೆಳೆಯ. ಬಲಕ್ಕೆ ಕಾರ್ಮೆಲಾ ವಾಡ್ಲಿ, ಪೀಠಕ್ಕೆ ಬಂದು ಎರಡು ವರ್ಷವೂ ಆಗಿರದ ಹೆಂಗಸು. ಇಬ್ಬರೂ ಅವನ ಕಡೆ ತಿರುಗಲಿಲ್ಲ. ತಿರುಗದೆ ಇದ್ದದ್ದಕ್ಕೇ ಅವನಿಗೆ ಹೆಚ್ಚು ಭಯವಾಯಿತು. ಬೆಳಿಗ್ಗೆ ಹೋಬಾರ್ಟ್ ಜೊತೆ ಮೂಲೆಯ ಹೋಟೆಲಿನಲ್ಲಿ ಸಾಸೇಜಿನ ಗ್ರೇವಿ ಸುರಿದ, ಮೆತ್ತನೆಯ ಬನ್ನಿನಂಥ ಬಿಸ್ಕಿಟ್ಟು ತಿಂದದ್ದೇ ತಪ್ಪಾಯಿತು. ವಿನಿಫ್ರೆಡ್ ಜೊತೆಗೆ ಬಂದಿದ್ದರೆ ಓಟ್ಸ್ ಗಂಜಿ ಕುಡಿಸಿ ಕಳಿಸುತ್ತಿದ್ದಳು. ಹೆಂಡತಿ ಊರಲ್ಲಿ, ತಾನು ಕೋರ್ಟಿನ ವಾರಕ್ಕೆಂದು ಇಲ್ಲಿ, ಹೊಟ್ಟೆ ಮಾತ್ರ ಮದುವೆಗೆ ಮುಂಚಿನ ಹುಡುಗನದು.

"...ಆಕೆ ಮನೆಗೆ ಹೋಗ್ಬೇಕಿತ್ತು, ಅಷ್ಟೆ" ಎನ್ನುತ್ತಿದ್ದಳು ವಕೀಲೆ ನೊರೀನ್ ಗ್ಯಾಸ್ಕಿನ್ಸ್. ಯಾವ ಆಕೆ? ಯಾವ ಮನೆ? ಟಿಸ್‌ಡೇಲ್ ಓದಿಕೊಂಡು ಬಂದ ಕಾಗದಗಳಲ್ಲಿ ಯಾವ ಹೆಂಗಸಿನ ಮನೆಯ ಸುದ್ದಿಯೂ ಇರಲಿಲ್ಲ. ಡೆಲ್ಬರ್ಟ್ ಮಾಂಕ್ ಎಂಬ ಲಾರಿ ಓಡಿಸುವವನು ಅಂಚೆ ಕಚೇರಿ ದೋಚಿದನೆಂದು ಕೆಳಗಿನ ಕೋರ್ಟಿನ ಜ್ಯೂರಿ ಹೇಳಿತ್ತು; ಜ್ಯೂರಿಯೆಂದರೆ ಹನ್ನೆರಡು ಸಾಮಾನ್ಯ ಜನ, ಎಲ್ಲರೂ ಒಂದೇ ಮಾತಿಗೆ ಬಂದರೆ ಮಾತ್ರ ಶಿಕ್ಷೆ. ನಾನಲ್ಲ ಎಂದು ಅವನು ಜೈಲಿನೊಳಗಿಂದ ಹೇಳುತ್ತಲೇ ಇದ್ದ. ಜ್ಯೂರಿಯವರು ಒಳಗೆ ಕೂತು ಚರ್ಚಿಸುತ್ತಿದ್ದಾಗ ವಿಚಾರಣೆಯ ಜಡ್ಜು ಎರಡೂ ಕಡೆಯ ವಕೀಲರನ್ನು ಕರೆಯದೆ ಒಬ್ಬರೇ ಹೋಗಿ ಬಾಗಿಲಲ್ಲಿ ನಿಂತು ಅವರೊಡನೆ ಮಾತಾಡಿದ್ದರು. ಹಾಗೆ ಮಾಡುವಂತಿಲ್ಲ. ಊಟದ ವಿಷಯ ಏನೋ ಹೇಳಿರಬೇಕು, ಅದರಿಂದೇನೂ ಕೆಡಲಿಲ್ಲ ಎಂದು ಸರ್ಕಾರ. ಕೆಟ್ಟಿದೆ, ಹೊಸ ವಿಚಾರಣೆ ಕೊಡಿ ಎಂದು ಮಾಂಕ್ ಪರವಾಗಿ ಈ ವಕೀಲೆಯ ಮೇಲ್ಮನವಿ. ಇಷ್ಟು ಅವನಿಗೆ ಗೊತ್ತಿತ್ತು. ಈ ಆಕೆ ಗೊತ್ತಿರಲಿಲ್ಲ. ಕೇಳಿಬಿಡಬಹುದಿತ್ತು, ಯಾವ ಆಕೆ ಮೇಡಂ ಎಂದು. ಕೇಳಿದರೆ, ಈಗಷ್ಟೇ ಹೇಳಿದೆನಲ್ಲ ಎಂಬ ಮುಖ ಮಾಡಿಯಾಳು. ಅಷ್ಟರಲ್ಲಿ ಕೆಂಪು ಹತ್ತಿತು.

ಸರ್ಕಾರದ ವಕೀಲ ಎದ್ದ ಮೇಲೆ ಟಿಸ್‌ಡೇಲ್‌ನಷ್ಟು ಎಚ್ಚರವಾಗಿದ್ದವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ಎರಡು ಚುರುಕು ಪ್ರಶ್ನೆ ಕೇಳಿದ. ಒಂದು ಸಣ್ಣ ಹಾಸ್ಯವನ್ನೂ ಮಾಡಿದ. ಜಡ್ಜುಗಳ ಹಾಸ್ಯಕ್ಕೆ ನಗುವ ಹಾಗೆ ಎಲ್ಲರೂ ನಕ್ಕರು. ಹಿಂದಿನ ಬೆಂಚಿನಲ್ಲಿ ಭಾನುವಾರ ಚರ್ಚಿಗೆ ಹಾಕುವ ಟೋಪಿ ಹಾಕಿಕೊಂಡು ಕೂತಿದ್ದ ಹೆಂಗಸೊಬ್ಬಳು ನಗಲಿಲ್ಲ. ಮಾಂಕ್‌ನ ಅಕ್ಕ ಇರಬೇಕು; ಜೈಲಿನಲ್ಲಿರುವವನನ್ನು ಇಲ್ಲಿಗೆ ಕರೆತರುವುದಿಲ್ಲ, ಅವನ ಬದಲು ಹೀಗೆ ಯಾರಾದರೂ ಬಂದು ಕೂರುತ್ತಾರೆ. ಟಿಸ್‌ಡೇಲ್‌ಗೆ ತನ್ನ ತಾಯಿಯ ನೆನಪಾಯಿತು. ತಂಬಾಕಿನ ಹರಾಜು ನಡೆಯುವ ಪುಟ್ಟ ಊರಿನ ಚರ್ಚಿನಲ್ಲಿ, ಉಪದೇಶದ ಹೊತ್ತಿಗೆ ಸರಿಯಾಗಿ ಅವನಿಗೆ ತೂಕಡಿಕೆ. ತಾಯಿ ಪಾದ್ರಿಯ ಮುಖದಿಂದ ಕಣ್ಣು ತೆಗೆಯದೆ ಅವನ ತೊಡೆ ಚಿವುಟುತ್ತಿದ್ದಳು. ಈಗ ಚಿವುಟುವವರಿಲ್ಲ. ಜೀವಮಾನದ ನೌಕರಿ ಕೊಟ್ಟು ಎತ್ತರದಲ್ಲಿ ಕೂರಿಸಿದ ಮೇಲೆ ತೊಡೆ ಯಾರಿಗೆ ಎಟುಕುತ್ತದೆ?

ಇವರ ಕೋರ್ಟಿನಲ್ಲಿ ಒಂದು ಪದ್ಧತಿ. ವಾದ ಮುಗಿದ ಕೂಡಲೇ ಮೂವರು ಜಡ್ಜುಗಳೂ ಪೀಠದಿಂದ ಕೆಳಗಿಳಿದು ಬಂದು ಎರಡೂ ಕಡೆಯ ವಕೀಲರ ಕೈ ಕುಲುಕುತ್ತಾರೆ. ಟಿಸ್‌ಡೇಲ್‌ಗೆ ಇದರ ಮೇಲೆ ತುಂಬ ಅಭಿಮಾನ. ಬೇರೆ ಕಡೆಯ ಜಡ್ಜುಗಳ ಮುಂದೆ ಕೊಚ್ಚಿಕೊಳ್ಳುತ್ತಿದ್ದ, ನಾವು ಮರ್ಯಾದಸ್ಥರು ಕಣ್ರೀ ಎಂದು. ಆವತ್ತು ಕೆಳಗಿಳಿದು ನೊರೀನ್ ಗ್ಯಾಸ್ಕಿನ್ಸ್ ಮುಂದೆ ನಿಂತಾಗ ಅವಳ ಕೈ ತಣ್ಣಗಿತ್ತು, ಒದ್ದೆಯಾಗಿತ್ತು. ಐವತ್ತು ದಾಟಿದ ಹೆಂಗಸು, ಕೋಟಿನ ತೋಳು ಸವೆದಿತ್ತು. ಒಂದು ಮಾತೂ ಆಡದೆ ಮುಂದೆ ಹೋಗಬಹುದಿತ್ತು, ಹೋಬಾರ್ಟ್ ಹಾಗೇ ಹೋದ. ಆದರೆ ಒಳಗಿನ ಕಳ್ಳನಿಗೆ ಯಾವಾಗಲೂ ಉದಾರಿಯಾಗುವ ಚಪಲ. ಟಿಸ್‌ಡೇಲ್ ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, "ತುಂಬಾ ಚೆನ್ನಾಗಿ ವಾದ ಮಾಡಿದ್ರಿ ಮೇಡಂ. ನಿಮ್ಮಂಥವರು ಬಂದ್ರೆ ನಮ್ಮ ಕೆಲಸ ಹಗುರ" ಎಂದ. ಅವಳು ಅವನ ಮುಖವನ್ನೇ ನೋಡಿದಳು. ಥ್ಯಾಂಕ್ಸ್ ಎನ್ನಲಿಲ್ಲ. ಕೈ ಬಿಡಿಸಿಕೊಳ್ಳಲೂ ಇಲ್ಲ, ಅವನು ಬಿಡುವವರೆಗೆ ಕಾದಳು. ಹಿಂದಿನ ಬೆಂಚಿನ ಟೋಪಿಯ ಹೆಂಗಸು ಮಾತ್ರ ಇದನ್ನು ನೋಡಿ ಎದ್ದು ನಿಂತಳು, ಮುಖ ಅರಳಿತು. ದೊಡ್ಡ ಜಡ್ಜು ಎರಡು ಕೈಯಲ್ಲಿ ಹಿಡಿದಿದ್ದಾರೆ ಎಂದರೆ ಏನೆಂದುಕೊಂಡಾಳು ಪಾಪ.

ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮೂವರೂ ಕೂತರು. ಅಲ್ಲಿ ಕಿರಿಯರು ಮೊದಲು ಹೇಳಬೇಕು, ಹಿರಿಯರ ಮಾತಿಗೆ ಕಿರಿಯರು ತಲೆಯಾಡಿಸಬಾರದೆಂದು. ವಾಡ್ಲಿ ಶುರು ಮಾಡಿದಳು. "ನಾನು ಮಾಂಕ್ ಕಡೆ. ಒಳಗೆ ಬರೋವಾಗ ಅನುಮಾನ ಇತ್ತು. ಆ ಜ್ಯೂರಿ ಹೆಂಗಸಿನ ಬಗ್ಗೆ ಕೇಳಿದೆನಲ್ಲ, ಅದಕ್ಕೆ ಗ್ಯಾಸ್ಕಿನ್ಸ್ ಕೊಟ್ಟ ಉತ್ತರ ಕೇಳಿದ ಮೇಲೆ ಅನುಮಾನ ಹೋಯ್ತು."

"ನನಗೆ ಹೋಗಲಿಲ್ಲ" ಎಂದ ಹೋಬಾರ್ಟ್, ಗೌನಿನ ಗುಂಡಿ ಬಿಚ್ಚುತ್ತ. "ಅಂಚೆ ಕಚೇರಿಯವಳು ಅವನ ಮುಖ ನೋಡಿದಾಳೆ. ಜಡ್ಜು ಬಾಗಿಲಲ್ಲಿ ನಿಂತಿದ್ದು ತಪ್ಪು, ಒಪ್ತೀನಿ. ಅಷ್ಟಕ್ಕೆಲ್ಲ ಮತ್ತೆ ಮೊದಲಿಂದ ಅಂದ್ರೆ ಹೇಗೆ? ನಾನು ಇಲ್ಲ ಅಂತೀನಿ."

ವಾಡ್ಲಿ ಟಿಸ್‌ಡೇಲ್ ಕಡೆ ತಿರುಗಿದಳು. "ಜಡ್ಜ್, ನಿಮಗೆ ಆಕೆ ಉತ್ತರ ಹೇಗನ್ನಿಸ್ತು? ಬೇಕಾದ್ರೆ ಇವತ್ತೇ ಹೇಳ್ಬೇಕು ಅಂತೇನಿಲ್ಲ."

ಟಿಸ್‌ಡೇಲ್ ಒಳಗೇ ಲೆಕ್ಕ ಹಾಕಿದ. ಹೌದು ಎನ್ನುವುದಾದರೆ ಕಾರಣ ಕೊಡಬೇಕು, ಆ ಉತ್ತರವನ್ನು ಹಿಡಿದು ಮಾತಾಡಬೇಕು, ಆ ಉತ್ತರ ಅವನಲ್ಲಿರಲಿಲ್ಲ. ಇಲ್ಲ ಎನ್ನುವವನಿಗೆ ಕಾರಣ ಬೇಕಾಗಿಲ್ಲ; ಮನಸ್ಸಿಗೆ ಒಪ್ಪಲಿಲ್ಲ ಎಂದರೆ ಸಾಕು, ಅದು ವಿವೇಕದಂತೆ ಕೇಳುತ್ತದೆ. "ಉತ್ತರ ಜಾಣತನದ್ದೇ. ಆದ್ರೆ ನನಗೆ ಅಷ್ಟು ಒಪ್ಪಿಗೆ ಆಗ್ಲಿಲ್ಲ ಕಾರ್ಮೆಲಾ. ನಾನು ಹೋಬಾರ್ಟ್ ಜೊತೆ" ಎಂದುಬಿಟ್ಟ. ಅಂದಮೇಲೆ ತನ್ನ ದನಿಯಲ್ಲಿದ್ದ ತೂಕ ಕೇಳಿ ತನಗೇ ಆಶ್ಚರ್ಯವಾಯಿತು. ತೀರ್ಪು ಬರೆಯುವುದನ್ನು ಹೋಬಾರ್ಟ್‌ಗೆ ವಹಿಸಿದ. ವಾಡ್ಲಿ ತನ್ನ ಕಾಗದಗಳನ್ನು ಜೋಡಿಸಿಕೊಂಡು ಎದ್ದುಹೋದಳು.

ಟಿಸ್‌ಡೇಲ್ ಊಟಕ್ಕೆ ಹೋಗಲಿಲ್ಲ. ಚೇಂಬರಿನಲ್ಲಿ ಬಾಗಿಲು ಹಾಕಿಕೊಂಡು, ಕೋರ್ಟಿನ ಯಂತ್ರ ಹಿಡಿದಿಟ್ಟ ಬೆಳಗಿನ ವಾದವನ್ನು ಕಿವಿಗೆ ಹಾಕಿಕೊಂಡ. ಯಾಕೆ ಹಾಕಿಕೊಂಡನೋ. ಒಪ್ಪಿಗೆಯಾಗಲಿಲ್ಲ ಎಂದದ್ದು ನಿಜವೇ ಆಗಿರಲಿ ಎಂಬ ಆಸೆ ಇರಬೇಕು. ಉತ್ತರ ಪೊಳ್ಳಾಗಿದ್ದರೆ ನಿದ್ದೆಯೂ ಪೊಳ್ಳು, ಯಾರಿಗೂ ನಷ್ಟವಿಲ್ಲ. ನೊರೀನ್‌ಳ ದನಿ ಬಂತು. ಸ್ವಲ್ಪ ಹೊತ್ತಿಗೆ ಅದರ ಜೊತೆ ಇನ್ನೊಂದು ಸದ್ದು, ದಡದಲ್ಲಿ ಕಟ್ಟಿದ ದೋಣಿ ಉಜ್ಜಿಕೊಂಡಂತೆ. ಏನೆಂದು ತಿಳಿಯಲು ಎರಡು ಸಲ ಕೇಳಬೇಕಾಯಿತು. ಅವನದೇ ಉಸಿರು, ಅವನದೇ ಮೈಕಿನಲ್ಲಿ. ಹೋಬಾರ್ಟ್ ಕೆಮ್ಮಿದ. ಕುರ್ಚಿ ದರದರ ಎಳೆದ. ಬೇಡದ ಪ್ರಶ್ನೆಯೊಂದನ್ನು ಗಟ್ಟಿಯಾಗಿ ಕೇಳಿದ. ಆಮೇಲೆ ವಾಡ್ಲಿ: "ಜ್ಯೂರಿಯಲ್ಲಿ ಒಬ್ಬರು ಒಪ್ಪಿರಲಿಲ್ಲ ಅಂತೀರಲ್ಲ, ಯಾರು ಅಂತ ಗೊತ್ತಾ?" ನೊರೀನ್: "ಗೊತ್ತು. ಸರ್ಕಾರದವರೇ ನಿನ್ನೆ ಕಳಿಸಿದ ಪತ್ರದಲ್ಲಿ ಒಪ್ಪಿಕೊಂಡಿದಾರೆ. ಮಗುಗೆ ಜ್ವರ, ಮನೆಗೆ ಹೋಗ್ಬೇಕು ಅಂತ ಜಡ್ಜ್ ಹತ್ರ ಕೇಳಿದ್ದೂ ಆಕೇನೇ. ಅವರೆಲ್ಲ ಒಂದೇ ಮಾತಿಗೆ ಬಂದ್ರೆ ಹೋಗಬಹುದು ಅಂದ್ರು ಜಡ್ಜ್. ಬಾಗಿಲು ಹಾಕಿದ್ರು. ಆಕೇನೂ ಆ ಒಂದೇ ಮಾತಿಗೆ ಬಂದ್ರು." ಆಮೇಲೆ ಮೌನ. ಉಸಿರಿನ ಸದ್ದೊಂದೇ. ಆ ಮೌನದಲ್ಲಿ ಅವಳು ಎತ್ತ ನೋಡುತ್ತಿದ್ದಳೆಂದು ಟಿಸ್‌ಡೇಲ್‌ಗೆ ಕಾಣಿಸಿತು. ಮತ್ತೆ ಅವಳ ದನಿ, ಈಗ ಗಟ್ಟಿಯಾಗಿ, ನಿಧಾನವಾಗಿ, ಕಿವಿ ಕೇಳದ ಅಜ್ಜನಿಗೆ ಹೇಳುವಂತೆ: "ಇನ್ನೊಂದ್ ಸಲ ಹೇಳ್ಲಾ, ಜಡ್ಜ್ ಟಿಸ್‌ಡೇಲ್?" ಉಸಿರು ನಿಲ್ಲಲಿಲ್ಲ. "ಇರ್ಲಿ" ಎಂದಳು. "ತಪ್ಪು ಮಾಡಿದ್ದಾನೆ ಅಂತ ಆಕೆಗೆ ಅನ್ನಿಸಿರಲಿಲ್ಲ. ಆಕೆ ಮನೆಗೆ ಹೋಗ್ಬೇಕಿತ್ತು, ಅಷ್ಟೆ."

ಕಿವಿಯಿಂದ ತೆಗೆದಿಟ್ಟ. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಇಷ್ಟೆಲ್ಲ ನೋಡಿದ ಹೆಂಗಸಿನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಚೆನ್ನಾಗಿ ವಾದ ಮಾಡಿದ್ರಿ ಎಂದಿದ್ದ. ಅವಳು ಯಾಕೆ ಹಾಗೆ ನೋಡಿದಳೆಂದು ಈಗ ತಿಳಿಯಿತು. ಅವನೂ ಹೋಬಾರ್ಟೂ ಹೊಸಬರಾಗಿದ್ದಾಗ ಪೀಠದಲ್ಲಿ ಒಬ್ಬ ಮುದುಕ ನಿದ್ದೆ ಮಾಡುತ್ತಿದ್ದ. ಇಬ್ಬರೂ ಅವನ ಕುರ್ಚಿಗೆ ಒದ್ದು ಎಬ್ಬಿಸಿ, ಸಂಜೆ ಬೋರ್ಬನ್ ವಿಸ್ಕಿ ಕುಡಿಯುತ್ತ ಅವನ ಗೊರಕೆಯ ಅಣಕ ಮಾಡಿ ನಗುತ್ತಿದ್ದರು. ನಾವು ಹೀಗಾಗುವ ಮುಂಚೆ ಬಿಟ್ಟುಹೋಗೋಣ ಮಾರಾಯ ಎಂದಿದ್ದ ಟಿಸ್‌ಡೇಲ್. ಹೋಗಲಿಲ್ಲ. ಮನೆಯಲ್ಲಿ ಕೂತು ಏನು ಮಾಡುವುದು? ವಿಚಿತ್ರವೆಂದರೆ, ಮಾಂಕ್ ಜೈಲಿನಲ್ಲಿರುವುದಕ್ಕಿಂತ ನೊರೀನ್ ತನ್ನನ್ನು ನೋಡಿದಳೆಂಬುದೇ ಅವನನ್ನು ಹೆಚ್ಚು ಸುಡುತ್ತಿತ್ತು. ಅದು ಅವನಿಗೆ ಆಗ ತಿಳಿಯಲಿಲ್ಲ. ಪಶ್ಚಾತ್ತಾಪ ಎಂದುಕೊಂಡ.

ಹೋಬಾರ್ಟ್ ತನ್ನ ಚೇಂಬರಿನಲ್ಲಿ ಪಿಮೆಂಟೋ ಚೀಸ್ ಹಚ್ಚಿದ ಬ್ರೆಡ್ಡು ತಿನ್ನುತ್ತಿದ್ದ. ಟಿಸ್‌ಡೇಲ್ ಹೇಳಿದ್ದನ್ನೆಲ್ಲ ಬಾಯಿ ಒರೆಸಿಕೊಂಡು ಕೇಳಿಸಿಕೊಂಡ.

"ಗೊತ್ತು" ಎಂದ. "ಮೂರು ಸಲ ಒದ್ದೆ ನಿನ್ನ ಕುರ್ಚಿಗೆ. ನಿನ್ನ ನಿದ್ದೆಗೂ ಜೀವಮಾನದ ನೇಮಕ ಆಗಿದೆ ಅಂದ್ಕೊಂಡೆ."

"ತಮಾಷೆ ಬೇಡ ಹೋಬಾರ್ಟ್. ಆಕೆ ಹೇಳಿದ್ದು ಸರಿ. ಕಾರ್ಮೆಲಾ ಕಡೆ ಹೋಗ್ಬೇಕಿತ್ತು ನಾನು."

"ಹೋಗು. ಯಾರು ಬೇಡ ಅಂದ್ರು? ತೀರ್ಪು ಹೊರಗೆ ಬಿದ್ದಿಲ್ಲ. ಮತ್ತೆ ಯೋಚನೆ ಮಾಡ್ದೆ, ಮತ ಬದಲಾಯಿಸ್ತಿದೀನಿ ಅಂತ ಒಂದು ಸಾಲು ಬರೆದು ಕಳಿಸು. ಮಾಂಕ್‌ಗೆ ಹೊಸ ವಿಚಾರಣೆ ಸಿಗುತ್ತೆ. ನಾನು ಭಿನ್ನಮತ ಬರೆದು ನಿಮ್ಮಿಬ್ಬರನ್ನೂ ಚೆನ್ನಾಗಿ ಬೈತೀನಿ."

"ನಿದ್ದೆ ಮಾಡಿದ್ದನ್ನ?"

"ಅದನ್ನ ಯಾಕೆ ಹೇಳ್ಬೇಕು?"

"ಹೇಳದೆ ಹೇಗಿರ್ಲಿ? ನಾನು ಸುಳ್ಳು ಹೇಳಿದೆ ಆ ಕೋಣೇಲಿ."

ಹೋಬಾರ್ಟ್ ಬ್ರೆಡ್ಡು ಕೆಳಗಿಟ್ಟ. "ಕೇಳಿಲ್ಲಿ. ಬೆಳಿಗ್ಗೆ ಕೇಳಿದ್ರೇನು, ಮಧ್ಯಾಹ್ನ ಕೇಳಿದ್ರೇನು? ಈಗ ಕೇಳಿದೀಯಲ್ಲ. ನಿದ್ದೆ ಮಾಡಿದೆ ಅಂತ ಬಾಯಿ ಬಿಟ್ಟು ಹೇಳಿದೆಯೋ, ನೀನು ಈ ಕೇಸಿನಿಂದ ಹೊರಗೆ. ನಿನ್ನ ಜಾಗಕ್ಕೆ ಚೀಟಿ ಎತ್ತಿ ಇನ್ನೊಬ್ಬರನ್ನ ಹಾಕ್ತಾರೆ. ಯಾರು ಬರ್ತಾರೋ ದೇವರಿಗೇ ಗೊತ್ತು. ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನನ್ನ ಹಾಗೇ ಇದಾರೆ. ನಾನು ಗೆಲ್ತೀನಿ ಕಣೋ. ನಾನು ಗೆಲ್ಲೋ ದಾರೀನ ನಾನೇ ಬೇಡ ಅಂತಿದೀನಿ, ಅರ್ಥ ಮಾಡ್ಕೋ."

ಅರ್ಥವಾಗಲಿಲ್ಲ ಎನ್ನುವಂತಿಲ್ಲ. ಮಾತು ಸ್ಪಷ್ಟವಾಗಿಯೇ ಇತ್ತು. ಆದರೆ ಟಿಸ್‌ಡೇಲ್‌ಗೆ ಆ ಹೊತ್ತಿಗೆ ಎದುರಿಗೆ ಕಂಡದ್ದು ಬೆರಳಿಗೆ ಚೀಸ್ ಅಂಟಿದ, ಮುಚ್ಚಿಹಾಕು ಎನ್ನುವ ಮುದುಕ. ಜೀವಮಾನವೆಲ್ಲ ಹೀಗೆ ಒಬ್ಬರದೊಬ್ಬರು ಮುಚ್ಚಿಕೊಂಡೇ ಬಂದೆವಲ್ಲ ಅನ್ನಿಸಿ ಮೈಯೆಲ್ಲ ಕಹಿಯಾಯಿತು. ಕಾರಿಡಾರಿನಲ್ಲಿ ವಾಡ್ಲಿಯ ಕೋಣೆಯ ಕಡೆ ನಡೆಯುತ್ತಿದ್ದಾಗ ಮತ್ತೆ ಆ ಚರ್ಚು. ಒಂದು ಭಾನುವಾರ ಹಾರ್ಡ್‌ವೇರ್ ಅಂಗಡಿಯ ಬ್ರದರ್ ಟ್ರೂಯೆಟ್ ಎದ್ದು, ನಡುಹಾದಿಯಲ್ಲಿ ನಡೆದುಕೊಂಡು ಮುಂದೆ ಹೋಗಿ, ನೆರೆಮನೆಯವಳೊಂದಿಗೆ ತಾನು ಪಾಪ ಮಾಡಿದೆನೆಂದು ಎಲ್ಲರ ಎದುರು ಹೇಳಿಕೊಂಡು ಮಂಡಿಯೂರಿ ಅತ್ತಿದ್ದ. ಇಡೀ ಸಭೆ ಅತ್ತಿತು. ಗಂಡಸರು ಒಬ್ಬೊಬ್ಬರಾಗಿ ಹೋಗಿ ತಬ್ಬಿಕೊಂಡರು. ಅವನ ಮುಖ ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು. ಅವನ ಹೆಂಡತಿ ಬೆಂಚಿನಲ್ಲಿ ಒಬ್ಬಳೇ ಕೂತು ಹಾಡಿನ ಪುಸ್ತಕದ ಹಾಳೆ ತಿರುವುತ್ತಿದ್ದಳು. ಹುಡುಗ ಟಿಸ್‌ಡೇಲ್ ಆ ಮುಖವನ್ನು ನೋಡಿದ್ದ, ಹೊಳೆಯುವ ಮುಖವನ್ನು. ಅಂಥ ಮುಖ ತನ್ನದಾಗಬೇಕೆಂದು ಎಷ್ಟೋ ದಿನ ಆಸೆಪಟ್ಟಿದ್ದ.

ವಾಡ್ಲಿ ಎದ್ದು ಕುರ್ಚಿ ತೋರಿಸಿದಳು. ಅವನು ಕೂರಲಿಲ್ಲ. "ನಾನು ಬೆಳಿಗ್ಗೆ ನಿದ್ದೆ ಮಾಡಿಬಿಟ್ಟೆ ಕಾರ್ಮೆಲಾ. ಆಕೆ ಉತ್ತರ ನಾನು ಕೇಳಿಸ್ಕೊಳ್ಳಲೇ ಇಲ್ಲ. ಕೇಳಿಸ್ಕೊಂಡೋನ ಹಾಗೆ ನಿಮ್ಮೆದುರು ಮಾತಾಡಿದೆ. ಮುಖ್ಯ ಜಡ್ಜಿಗೂ ಇದನ್ನೇ ಹೇಳೋನಿದೀನಿ."

ಅವಳು ಬಾಗಿಲು ಮುಚ್ಚಿ ಬಂದಳು. "ಇನ್ಯಾರಿಗಾದ್ರೂ ಹೇಳಿದೀರಾ?"

"ಹೋಬಾರ್ಟ್‌ಗೆ ಗೊತ್ತು."

"ಬರೆದು ಕೊಟ್ಟಿಲ್ಲ ತಾನೆ? ಈಗ ಉತ್ತರ ಕೇಳಿದೀರಲ್ಲ ಜಡ್ಜ್, ಏನನ್ನಿಸ್ತು? ಅದಷ್ಟನ್ನೇ ಹೇಳಿ ನನಗೆ. ಉಳಿದಿದ್ದು ನಾನು ಕೇಳಿಸ್ಕೊಂಡಿಲ್ಲ ಅಂದ್ಕೊಳ್ಳಿ."

"ನೀವೂ ಹೀಗೆ ಹೇಳ್ತೀರಾ?" ಎಂದ. ಹೊಸಬಳು, ಶುದ್ಧಳು ಎಂದುಕೊಂಡಿದ್ದ. "ಇಲ್ಲ. ಒಂದು ಸಲನಾದ್ರೂ ಸರಿಯಾಗಿ ನಡ್ಕೊಳ್ತೀನಿ, ಬಿಡಿ." ಹೊರಗೆ ಬಂದಾಗ ಮೈ ಹಗುರವಾಗಿತ್ತು. ಮುಖ್ಯ ಜಡ್ಜಿಗೆ ತನ್ನ ಕೈಯಾರೆ ಬರೆದುಕೊಟ್ಟ. ವಿನಿಫ್ರೆಡ್‌ಗೆ ಫೋನು ಮಾಡಿ ಹೇಳಿದಾಗ ಅವಳು ಸ್ವಲ್ಪ ಅತ್ತು, "ನಿಮ್ಮನ್ನ ಕಟ್ಕೊಂಡಿದ್ದಕ್ಕೆ ಇವತ್ತು ಹೆಮ್ಮೆ ಆಗ್ತಿದೆ, ಮನೆಗೆ ಬನ್ನಿ" ಎಂದಳು.

ಚೀಟಿ ಎತ್ತಿದರು. ಬಂದವನು ಗುಡ್ಡಗಾಡಿನ ಕಡೆಯ ಜಡ್ಜು, ಕಾಗದ ಓದಿ, ಧ್ವನಿಮುದ್ರಣವನ್ನು ಎಚ್ಚರವಾಗಿಯೇ ಪೂರ್ತಿ ಕೇಳಿ, ಹೋಬಾರ್ಟ್ ಜೊತೆ ನಿಂತ. ತೀರ್ಪು ಎರಡು ಪುಟವೂ ಇರಲಿಲ್ಲ. ವಾಡ್ಲಿಯ ಭಿನ್ನಮತ ಬಲು ಉದ್ದವಿತ್ತು, ಭಿನ್ನಮತಗಳಿಂದ ಯಾರೂ ಜೈಲಿನಿಂದ ಹೊರಗೆ ಬರುವುದಿಲ್ಲ. ಇಡೀ ಕೋರ್ಟು ಸೇರಿ ಇನ್ನೊಮ್ಮೆ ಕೇಳಲಿ ಎಂದು ನೊರೀನ್ ಹಾಕಿದ ಅರ್ಜಿಯೂ ಬಿದ್ದುಹೋಯಿತು. ಟಿಸ್‌ಡೇಲ್ ನಿವೃತ್ತಿ ಕೇಳಿಕೊಂಡ. ಸುದ್ದಿ ಹೇಗೋ ಹೊರಗೆ ಬಂದು ಪತ್ರಿಕೆಯವರು ಹೊಗಳಿದರು. ಅಧಿಕಾರದಲ್ಲಿರುವವರು ತಪ್ಪೊಪ್ಪಿಕೊಳ್ಳುವುದೇ ಅಪರೂಪವಾದ ಕಾಲದಲ್ಲಿ ಎಂದು ಒಬ್ಬ ಶುರು ಮಾಡಿದ್ದ. ಗುರುತಿಲ್ಲದವರು ಅಂಗಡಿಯಲ್ಲಿ ನಿಲ್ಲಿಸಿ ಮಾತಾಡಿಸಿದರು. ಮೊದಮೊದಲು ಸಂಕೋಚವಾಗುತ್ತಿತ್ತು. ಆಮೇಲೆ ಯಾರೂ ಮಾತಾಡಿಸದಿದ್ದ ದಿನ ಏನೋ ಕಳೆದುಕೊಂಡಂತೆ ಆಗುತ್ತಿತ್ತು.

ಬೀಳ್ಕೊಡುಗೆಯ ಊಟ ಕೋರ್ಟಿನ ಗ್ರಂಥಾಲಯದಲ್ಲಿ. ಹ್ಯಾಮು, ಬೆಣ್ಣೆಯಲ್ಲಿ ಬೇಯಿಸಿದ ಅವರೆ, ಸಕ್ಕರೆ ಸುರಿದ ತಣ್ಣನೆಯ ಟೀ. ಮುಖ್ಯ ಜಡ್ಜು ಎದ್ದು ನಿಂತು, ಪ್ರಾಮಾಣಿಕತೆ ಎಂಬ ಪದವನ್ನು ಇಷ್ಟು ದಿನ ಪುಸ್ತಕದಲ್ಲಿ ಓದಿದ್ದೆವು, ಈಗ ನೋಡಿದೆವು ಎಂದರು. ವಿನಿಫ್ರೆಡ್ ಕಣ್ಣೊರೆಸಿಕೊಂಡಳು. ಹೋಬಾರ್ಟ್ ಟೀ ಲೋಟದೊಳಗೆ ನೋಡುತ್ತಿದ್ದ. ಮಾತು ಮುಗಿದು ಜನ ಚದುರಿದಾಗ ವಾಡ್ಲಿ ಪುಸ್ತಕದ ಕಪಾಟಿನ ಪಕ್ಕ ಒಬ್ಬಳೇ ನಿಂತಿದ್ದಳು. ಟಿಸ್‌ಡೇಲ್ ಅವಳ ಹತ್ತಿರ ಹೋದ. ಹೊಗಳುತ್ತಾಳೆಂದು ಹೋದನೆಂದರೆ ಅನ್ಯಾಯವಾದೀತು. ಬೈದರೂ ಒಂದು ನೆಮ್ಮದಿ ಎಂದು ಹೋದ.

"ನೀವು ಬರೆದ ಭಿನ್ನಮತ ಓದ್ದೆ. ಚೆನ್ನಾಗಿತ್ತು" ಎಂದ.

"ನೀವು ಬರೀಬೇಕಾಗಿದ್ದ ತೀರ್ಪು ಅದು ಜಡ್ಜ್. ಆವತ್ತು ನಾನು, 'ಇವತ್ತೇ ಹೇಳ್ಬೇಕಾಗಿಲ್ಲ' ಅಂತ ಯಾಕಂದೆ? ನೀವು ಮಲಗಿದ್ದು ನಾನು ನೋಡಿದ್ದೆ. ಹೋಗಿ ಕೇಳ್ಕೊಂಡು ಬರ್ತೀರ ಅಂದ್ಕೊಂಡೆ."

"ನಾನು ನಿಜ ಹೇಳ್ಬೇಕಿತ್ತಲ್ಲ ಕಾರ್ಮೆಲಾ" ಎಂದ, ಬೇಡುವವನ ಹಾಗೆ.

"ಹೇಳ್ಬೇಕಿತ್ತು. ಮಾಂಕ್‌ಗೆ ಹೊಸ ವಿಚಾರಣೆ ಸಿಕ್ಕ ಮೇಲೆ ಹೇಳ್ಬೇಕಿತ್ತು. ಆಗ ನಿಮಗೊಬ್ಬರಿಗೇ ನಷ್ಟ ಆಗ್ತಿತ್ತು." ದನಿ ಏರಲಿಲ್ಲ, ಪಕ್ಕದವರಿಗೆ ಹವಾಮಾನದ ಮಾತೆಂದೇ ಕಂಡಿರಬೇಕು. "ಪತ್ರಿಕೇಲಿ ಬರೋ ಮುಂಚೆ ಅವನ ಅಕ್ಕ ನನ್ನ ಚೇಂಬರಿಗೆ ಫೋನ್ ಮಾಡಿದ್ಲು. ಮಾತಾಡೋ ಹಾಗಿಲ್ಲ, ಇಟ್ಟುಬಿಟ್ಟೆ. ನಿಮ್ಮ ಹೆಸರು ಹೇಳಿ ಕೇಳ್ತಿದ್ಲು. ಅಷ್ಟು ಒಳ್ಳೆ ಮನುಷ್ಯನ್ನ ಈ ಕೇಸಿಂದ ತೆಗೆದವರು ಯಾರು ಅಂತ."

ಆಚೆಯಿಂದ ಮುಖ್ಯ ಜಡ್ಜು ಚಮಚದಿಂದ ಲೋಟ ತಟ್ಟಿ, "ಎಲ್ಲಪ್ಪಾ ನಮ್ಮ ಆರ್ಲೆನ್? ಕೇಕು ಕಾಯ್ತಿದೆ" ಎಂದು ಕೂಗಿದರು. ಎಲ್ಲರೂ ದಾರಿ ಬಿಟ್ಟು ನಿಂತರು. ಟಿಸ್‌ಡೇಲ್ ಅವರ ನಡುವೆ ನಡೆದುಕೊಂಡು ಮೇಜಿನ ಹತ್ತಿರ ಹೋದ. ಒಬ್ಬರು ಬೆನ್ನು ತಟ್ಟಿದರು, ಇನ್ನೊಬ್ಬರು ತಬ್ಬಿಕೊಂಡರು. ವಿನಿಫ್ರೆಡ್ ಅವನ ಕೈಗೆ ಚಾಕು ಕೊಟ್ಟಳು. ಕೇಕಿನ ಮೇಲೆ ಕೆನೆಯಲ್ಲಿ ಅವನ ಹೆಸರು ಬರೆದಿತ್ತು. ಅವನು ಕತ್ತರಿಸಿದ. ಚಪ್ಪಾಳೆ ಬಿತ್ತು. ಫೋಟೋದವನು ಇತ್ತ ನೋಡಿ ಸಾರ್ ಎಂದ, ಅವನು ನೋಡಿದ, ಸ್ವಲ್ಪ ನಗಿ ಎಂದ, ನಕ್ಕ.